ಮತ್ತಿಯ ಗುರುತು ಕಲಿಯುವವರಿಗೆ

ಕಾಡುಮರಗಳ ಹೆಸರು ಕಲಿಯಬೇಕೆಂಬ ಆಸೆ ಇದ್ದರೆ, ಮಗೂ, ಮತ್ತಿಯಿಂದ ಶುರುಮಾಡು. ಬಂಡೀಪುರ, ನಾಗರಹೊಳೆ, ಭದ್ರಾ, ದಾಂಡೇಲಿ, ಹೀಗೆ ನಮ್ಮ ಎಲೆ ಉದುರುವ ಕಾಡುಗಳಲ್ಲಿ ಎಲ್ಲಿಗೆ ಹೋದರೂ ಅದು ಸಿಗುತ್ತದೆ. ತೇಗ, ನಂದಿ, ಹೊನ್ನೆಗಳ ಜೊತೆಯಲ್ಲೇ ಬೆಳೆಯುತ್ತದೆ. ಒಂದು ಮರವನ್ನು ಚೆನ್ನಾಗಿ ಬಲ್ಲವರಿಗೆ ಅದರ ನೆರೆಹೊರೆಯೂ ಬೇಗ ಪರಿಚಯವಾಗುತ್ತದೆ.

ಮೊದಲು ತೊಗಟೆ ನೋಡು. ಬಣ್ಣ ಬೂದುಗಪ್ಪು. ಉದ್ದಕ್ಕೂ ಅಡ್ಡಕ್ಕೂ ಆಳವಾಗಿ ಬಿರಿದು ಚೌಕ ಚೌಕವಾಗಿರುತ್ತದೆ, ಥೇಟ್ ಮೊಸಳೆಯ ಬೆನ್ನು. ಪಕ್ಕದ ನಂದಿಯ ಕಾಂಡವಾದರೋ ನುಣುಪು, ಬಿಳಿಚು. ಎರಡನ್ನೂ ಒಟ್ಟಿಗೆ ನೋಡಿದರೆ ಮತ್ತೆ ಮರೆಯುವುದಿಲ್ಲ. ಈ ದಪ್ಪ ತೊಗಟೆಯಿಂದಲೇ ಮತ್ತಿ ಬೇಸಿಗೆಯ ನೆಲಬೆಂಕಿಯನ್ನು ತಾಳಿಕೊಳ್ಳುತ್ತದೆ.

ಆದರೆ ತೊಗಟೆಯೊಂದನ್ನೇ ನಂಬಿ ಹೆಸರು ಹೇಳಿಬಿಡಬೇಡ. ಎಳೆಯ ಮರದಲ್ಲಿ ಈ ಬಿರುಕುಗಳು ಇನ್ನೂ ಸರಿಯಾಗಿ ಮೂಡಿರುವುದಿಲ್ಲ. ಆಗ ಎಲೆ ತಿರುಗಿಸಿ ಬೆನ್ನು ನೋಡು. ತೊಟ್ಟು ಸೇರುವ ಕಡೆ, ನಡುನರದ ಪಕ್ಕ, ಸಣ್ಣ ಗ್ರಂಥಿಗಳು ಕಾಣುತ್ತವೆ. ಬೇಸಿಗೆಯಲ್ಲಿ ಮರ ಬೋಳಾಗಿದ್ದರೆ ಬುಡದಲ್ಲಿ ಹುಡುಕು, ಒಣಗಿದ ಕಾಯಿ ಬಿದ್ದಿರುತ್ತದೆ. ಕಾಯಿಗೆ ಉದ್ದಕ್ಕೆ ಐದು ಅಗಲವಾದ ರೆಕ್ಕೆಗಳು.

ಇಲ್ಲಿ ಒಂದು ಎಚ್ಚರ ಬೇಕು. ಹೊಳೆಮತ್ತಿ ಇದರ ಹತ್ತಿರದ ಬಂಧು, ಅದರ ಎಲೆಗೂ ಗ್ರಂಥಿ ಉಂಟು, ಕಾಯಿಗೂ ಐದು ರೆಕ್ಕೆ ಉಂಟು. ರೆಕ್ಕೆಯ ಮೇಲಿನ ಗೆರೆಗಳನ್ನು ನೋಡು. ಮತ್ತಿಯಲ್ಲಿ ಅವು ನೇರವಾಗಿ ಅಂಚಿಗೆ ಹೋಗುತ್ತವೆ, ಹೊಳೆಮತ್ತಿಯಲ್ಲಿ ಮೇಲಕ್ಕೆ ಬಾಗುತ್ತವೆ. ಹೊಳೆಮತ್ತಿಯ ತೊಗಟೆ ನುಣುಪಾಗಿ, ತಿಳಿಬಣ್ಣದ್ದಾಗಿದ್ದು ಹಾಳೆಹಾಳೆಯಾಗಿ ಕಳಚುತ್ತದೆ. ಅದರ ಜಾಗ ಹೆಚ್ಚಾಗಿ ಹೊಳೆದಂಡೆ, ಹಳ್ಳದ ಸಾಲು. ಮತ್ತಿ ಒಣಗುಡ್ಡದಲ್ಲೂ ನಿಲ್ಲುತ್ತದೆ. ತೊಗಟೆ, ಎಲೆ, ಕಾಯಿ, ನಿಂತ ನೆಲ, ಇವು ಒಂದೇ ಮಾತು ಹೇಳಿದ ಮೇಲೆ ಹೆಸರು ಬರೆದುಕೋ.

ಕೊನೆಯದಾಗಿ ಇನ್ನೊಂದು ಮಾತು. ಕೆಲವು ಮತ್ತಿ ಮರಗಳು ಬೇಸಿಗೆಯಲ್ಲಿ ಕಾಂಡದೊಳಗೆ ನೀರು ಕೂಡಿಟ್ಟುಕೊಂಡಿರುತ್ತವೆ. ಕಾಡಿನವರು ಅದನ್ನು ಬಲ್ಲರು. ಕಡಿದ ಜಾಗದಿಂದ ನೀರು ಚಿಮ್ಮುವುದನ್ನು ನೋಡುವ ಕುತೂಹಲ ನಿನಗೂ ಹುಟ್ಟಬಹುದು. ದಯವಿಟ್ಟು ಕತ್ತಿ ಹಾಕಬೇಡ. ಗಾಯವಾದ ಕಡೆಯಿಂದ ಹುಳವೂ ಕೊಳೆಯೂ ಒಳಗೆ ಹೊಗುತ್ತವೆ. ಮರವನ್ನು ಗುರುತಿಸಲು ಕಣ್ಣು, ಕೈಬೆರಳು, ನೆಲದ ಮೇಲೆ ಬಿದ್ದ ಒಂದು ಕಾಯಿ ಸಾಕು.