ಊರೂರು ಸಂಚರಿಸುವ ವೃತ್ತಿಗಾರನ ವಿಳಾಸ

ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪವನ್ನು ಬಂಜಾರ ಸಮುದಾಯವು ಸಂತ ಸೇವಾಲಾಲರ ಜನ್ಮಭೂಮಿಯೆಂದು ಭಕ್ತಿಯಿಂದ ಭಾವಿಸಿ, ಪ್ರತಿವರ್ಷವೂ ಫೆಬ್ರವರಿಯ ಜಯಂತಿಗೆ ನಾನಾ ಕಡೆಗಳಿಂದ ಬಂದು ಅಲ್ಲಿ ನೆರೆಯುತ್ತದೆ. ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ನಾಡಿನಿಂದ ನಾಡಿಗೆ ನಡೆಯುತ್ತಿದ್ದ ಈ ಜನರ ಹಿರಿಯರಿಗೆ ತಾಂಡವೇ ವಿಳಾಸವಾಗಿತ್ತು. ತಾಂಡ ಹೊರಟರೆ ವಿಳಾಸವೂ ಹೊರಡುತ್ತಿತ್ತು. ಇಂದು ಅಂಥ ತಾಂಡಗಳಿಂದಲೂ, ಹೊನ್ನಾಳಿ, ಚನ್ನಗಿರಿ, ಜಗಳೂರುಗಳ ಹಳ್ಳಿಗಳಿಂದಲೂ ಹೊರಟು, ಲ್ಯಾಪ್‌ಟಾಪ್ ಒಂದನ್ನೇ ಬಂಡವಾಳವಾಗಿ ಹಿಡಿದು, ಈ ತಿಂಗಳು ಮೈಸೂರಿನಲ್ಲಿ, ಮುಂದಿನ ತಿಂಗಳು ಗೋವೆಯಲ್ಲಿ ಕುಳಿತು ವಿನ್ಯಾಸವನ್ನೋ ಭಾಷಾಂತರವನ್ನೋ ಸಾಫ್ಟ್‌ವೇರ್ ಕೆಲಸವನ್ನೋ ಮಾಡುವ ಫ್ರೀಲಾನ್ಸ್ ವೃತ್ತಿಗಾರನಿಗೆ ಆ ಸ್ವಾತಂತ್ರ್ಯವಿಲ್ಲ. ಅವನು ಎಲ್ಲಿ ಬೇಕಾದರೂ ದುಡಿಯಲಿ, ಆದರೆ ಅವನಿಗೆ ಬರೆದ ಪತ್ರವು ತಲಪುವ ಒಂದು ಸ್ಥಳವಿರಬೇಕೆಂಬುದು ಕಾನೂನಿನ ಅಪೇಕ್ಷೆ. ಈ ಅಪೇಕ್ಷೆಯನ್ನು ಪೂರೈಸಿಕೊಡುವೆವೆಂದು, ಬೆಂಗಳೂರಿನಂಥ ನಗರಗಳಲ್ಲಿ ವಿಳಾಸ, ನಾಮಫಲಕ, ಅಂಚೆಯ ಸ್ವೀಕಾರ ಇವಿಷ್ಟನ್ನೇ ಬಾಡಿಗೆಗೆ ನೀಡುವ ವರ್ಚುವಲ್ ಆಫೀಸುಗಳು ಹುಟ್ಟಿಕೊಂಡಿವೆ.

ಹಣ ತೆರುವ ಮೊದಲು ವಿಚಾರಿಸಬೇಕಾದುದು, ಅಂಥ ವಿಳಾಸವು ತನಗೆ ಅವಶ್ಯವೇ ಎಂಬುದನ್ನು. ಸೇವೆಯನ್ನು ಮಾತ್ರ ಒದಗಿಸುವವನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿ ಮೀರದಿದ್ದರೆ, ಗ್ರಾಹಕನು ಅನ್ಯರಾಜ್ಯದವನಾಗಿದ್ದರೂ, ಸಾಮಾನ್ಯವಾಗಿ ಅವನು ಜಿಎಸ್‌ಟಿ ನೋಂದಣಿ ಪಡೆಯಬೇಕಾಗಿಲ್ಲ, ಇಚ್ಛೆಯಿದ್ದರೆ ಪಡೆಯಬಹುದು. ನೋಂದಣಿಗೆ ಸರ್ಕಾರವು ಶುಲ್ಕ ವಿಧಿಸುವುದಿಲ್ಲ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿಯೂ ಉಚಿತವೇ. ಈ ಎರಡರ ಹೆಸರಿನಲ್ಲಿ ‘ಸರ್ಕಾರಿ ಶುಲ್ಕ’ವೆಂದು ಯಾರಾದರೂ ಕೇಳಿದರೆ ಅದು ಸರ್ಕಾರಕ್ಕೆ ಸಲ್ಲುವ ಹಣವಲ್ಲವೆಂದು ತಿಳಿಯತಕ್ಕದ್ದು.

ನೋಂದಣಿ ಬೇಕೆಂದಾದರೂ, ತಂದೆತಾಯಿಗಳ ಮನೆಯೇ ವ್ಯವಹಾರದ ಪ್ರಧಾನ ಸ್ಥಳವಾಗಬಾರದೆಂದು ಯಾವ ಕಾನೂನೂ ಹೇಳಿಲ್ಲ. ಮನೆ ತಂದೆಯ ಹೆಸರಿನಲ್ಲಿದ್ದರೆ ಬಿಳಿಯ ಕಾಗದದ ಮೇಲೆ ಅವರ ಸಮ್ಮತಿಪತ್ರ, ಅವರ ಗುರುತಿನ ದಾಖಲೆ, ಮನೆಗಂದಾಯದ ರಸೀದಿ ಅಥವಾ ಬೆಸ್ಕಾಂ ಬಿಲ್ಲು ಇಷ್ಟು ಸಾಲುತ್ತದೆ. ಕೇಂದ್ರ ಪರೋಕ್ಷ ತೆರಿಗೆ ಮಂಡಳಿಯು 2025ರ ಏಪ್ರಿಲ್ 17ರಂದು ತನ್ನ ಅಧಿಕಾರಿಗಳಿಗೆ ಹೊರಡಿಸಿದ ಸೂಚನೆಯಲ್ಲಿ ಇದನ್ನು ಸ್ಪಷ್ಟಪಡಿಸಿ, ಪಟ್ಟಿಯಲ್ಲಿಲ್ಲದ ದಾಖಲೆಗಳನ್ನು ಕೇಳಬಾರದೆಂದೂ, ಅರ್ಜಿದಾರನ ವಾಸದ ಊರು ಬೇರೆ, ವ್ಯವಹಾರದ ಊರು ಬೇರೆ ಎಂಬಂಥ ಊಹೆಗಳ ಮೇಲೆ ಆಕ್ಷೇಪಣೆ ಎತ್ತಬಾರದೆಂದೂ ವಿಧಿಸಿದೆ. ಅಲೆದಾಡುವ ವೃತ್ತಿಗಾರನಿಗೆ ಇದಕ್ಕಿಂತ ಉಪಯುಕ್ತವಾದ ಸೂಚನೆ ಮತ್ತೊಂದಿಲ್ಲ. ತಾಂಡಗಳ ಅನೇಕ ಮನೆಗಳಿಗೆ ಹಕ್ಕುಪತ್ರವೇ ಇರಲಿಲ್ಲವೆಂಬುದನ್ನೂ ಇಲ್ಲಿ ನೆನೆಯಬೇಕು. ಭೂಸುಧಾರಣಾ ಕಾಯಿದೆಗೆ 38-ಎ ಪ್ರಕರಣ ಸೇರಿದ ತರುವಾಯ ದಾಖಲೆಯಿಲ್ಲದ ಜನವಸತಿಗಳ ನಿವಾಸಿಗಳಿಗೆ ಹಕ್ಕು ದೊರೆಯುವ ಮಾರ್ಗ ತೆರೆದು, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಅಧಿಕ ಕುಟುಂಬಗಳಿಗೆ ಹಕ್ಕುಪತ್ರ ವಿತರಣೆಯಾಯಿತು. ಪತ್ರ ಕೈಸೇರಿರುವವರು ಅದನ್ನು ಜೋಪಾನವಾಗಿಟ್ಟುಕೊಳ್ಳಲಿ. ಸೇರದವರು ಅದಕ್ಕಾಗಿ ಪಟ್ಟು ಹಿಡಿದು ಕೇಳಲಿ. ಸ್ವಂತ ಮನೆಯಿದ್ದೂ ಕಾಗದವಿಲ್ಲವೆಂಬ ಒಂದೇ ಕಾರಣಕ್ಕೆ ಪರಸ್ಥಳದ ವಿಳಾಸವನ್ನು ಹಣ ಕೊಟ್ಟು ಕೊಳ್ಳಬೇಕಾದ ಸ್ಥಿತಿಯು ನನಗೆ ಅನ್ಯಾಯವೆಂದೇ ತೋರುತ್ತದೆ.

ಆದರೂ ನಗರದ ವಿಳಾಸವೇ ಬೇಕಾದವರು ಉಂಟು. ಅಂಥವರು ಕರಾರುಪತ್ರವನ್ನು ಕೊನೆಯ ಸಾಲಿನವರೆಗೆ ಓದಬೇಕು. ಸೇವೆ ಕೊಡುವ ಸಂಸ್ಥೆಯು ಕಟ್ಟಡದ ಒಡೆಯನೋ ಬಾಡಿಗೆದಾರನೋ, ಬಾಡಿಗೆದಾರನಾದರೆ ಮರುಬಾಡಿಗೆಗೆ ಕೊಡುವ ಅಧಿಕಾರವನ್ನು ಒಡೆಯನು ಬರೆದುಕೊಟ್ಟಿದ್ದಾನೋ ಇಲ್ಲವೋ, ಅಧಿಕಾರಿಯು ಪರಿಶೀಲನೆಗೆ ಬಂದಾಗ ಉತ್ತರಿಸುವವರು ಯಾರು, ಬಾಗಿಲ ಬಳಿ ಹೆಸರೂ ಜಿಎಸ್‌ಟಿ ಸಂಖ್ಯೆಯೂ ಇರುವ ಫಲಕ ತೂಗುವುದೋ ಇಲ್ಲವೋ ಎಂಬಿವೆಲ್ಲ ಬರವಣಿಗೆಯಲ್ಲಿರಬೇಕು. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯಿದೆಯಂತೆ ಉಪನೋಂದಣಾಧಿಕಾರಿಯಲ್ಲಿ ನೋಂದಾಯಿಸಬೇಕಾದುದರಿಂದ, ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಕಂಪನಿಯನ್ನೇ ಸ್ಥಾಪಿಸುವವರಾದರೆ 2013ರ ಕಂಪನಿ ಕಾಯಿದೆಯ 12ನೆಯ ಪ್ರಕರಣವು ಇನ್ನೂ ಕಠಿನವಾದುದು: ನೋಂದಾಯಿತ ಕಚೇರಿಯು ಬಂದ ಪತ್ರಗಳನ್ನೆಲ್ಲ ಸ್ವೀಕರಿಸಿ ಸ್ವೀಕೃತಿ ನೀಡಲು ಸಮರ್ಥವಾಗಿರಬೇಕು, ಸಂದೇಹ ಬಂದರೆ ರಿಜಿಸ್ಟ್ರಾರರು ಸ್ಥಳ ಪರಿಶೀಲನೆ ಮಾಡಿಸಬಹುದು.

ವಿಪತ್ತು ಬರುವುದು ಬಹುಮಟ್ಟಿಗೆ ನೋಟೀಸಿನ ದಾರಿಯಲ್ಲಿ. ಘೋಷಿಸಿದ ಸ್ಥಳದಿಂದ ವ್ಯವಹಾರ ನಡೆಯುತ್ತಿಲ್ಲವೆಂದು ಕಂಡರೆ ನೋಂದಣಿಯನ್ನು ರದ್ದುಪಡಿಸಲು ಜಿಎಸ್‌ಟಿ ನಿಯಮ 21 ಅವಕಾಶ ಕೊಡುತ್ತದೆ. ಆದರೆ ಅಹವಾಲು ಕೇಳದೆ ರದ್ದುಮಾಡುವಂತಿಲ್ಲ. ಕಾರಣ ಕೇಳುವ ನೋಟೀಸು ಬರಬೇಕು, ಉತ್ತರಕ್ಕೆ ಏಳು ಕೆಲಸದ ದಿನಗಳು ದೊರೆಯಬೇಕು. ಈ ನೋಟೀಸನ್ನು ನೋಂದಾಯಿತ ಇಮೇಲಿಗೆ ಕಳುಹಿಸುವುದೂ ಪೋರ್ಟಲಿನಲ್ಲಿ ಪ್ರಕಟಿಸುವುದೂ ಜಿಎಸ್‌ಟಿ ಕಾಯಿದೆಯ 169ನೆಯ ಪ್ರಕರಣದಂತೆ ಜಾರಿಯೇ ಆಗಿರುವುದರಿಂದ, ನಾನು ಊರಲ್ಲಿರಲಿಲ್ಲವೆಂಬ ಮಾತು ರಕ್ಷಣೆಯಾಗದು. ಅರ್ಜಿಯಲ್ಲಿ ಮಧ್ಯವರ್ತಿಯ ಇಮೇಲನ್ನೂ ಮೊಬೈಲ್ ಸಂಖ್ಯೆಯನ್ನೂ ಬರೆಯಿಸಿ ನಿಶ್ಚಿಂತನಾಗಿ ಹೊರಟುಹೋದವನಿಗೆ, ನೋಟೀಸು ಬಂದುದೂ ತಿಳಿಯದು, ಗಡುವು ಕಳೆದುದೂ ತಿಳಿಯದು. ಆದಕಾರಣ ಅವೆರಡೂ ತನ್ನವೇ ಆಗಿರಲಿ, ಪೋರ್ಟಲಿನ ಪಾಸ್‌ವರ್ಡು ತನ್ನ ಕೈಯಲ್ಲೇ ಇರಲಿ. ರದ್ದಾದ ನೋಂದಣಿಯನ್ನು ಮರಳಿ ಪಡೆಯಲು ಆದೇಶ ಜಾರಿಯಾದ 90 ದಿನಗಳೊಳಗೆ ಅರ್ಜಿ ಸಲ್ಲಿಸಬಹುದು. ಮೇಲ್ಮನವಿಗೆ ಮೂರು ತಿಂಗಳ ಅವಧಿಯುಂಟು. ವಿಳಾಸ ಬದಲಾದರೆ 15 ದಿನಗಳೊಳಗೆ ತಿದ್ದುಪಡಿಯನ್ನು ಕೋರಬೇಕು.

ಸಂಸ್ಥೆಯು ಹಣ ಪಡೆದು ಅಂಚೆಯನ್ನು ತಲಪಿಸದಿದ್ದರೆ, ಅಥವಾ ಕೊಟ್ಟ ಸಮ್ಮತಿಪತ್ರವೇ ಸುಳ್ಳಾಗಿದ್ದರೆ, ಬೆಂಗಳೂರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ದೂರುದಾರನು ವಾಸಿಸುವ ಸ್ಥಳದಲ್ಲಿಯೇ ದೂರು ಕೊಡಲು ಅವಕಾಶ ನೀಡಿರುವುದರಿಂದ, ನ್ಯಾಮತಿಯ ನಿವಾಸಿಯು ದಾವಣಗೆರೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷಗಳೊಳಗೆ ಹೋಗಬಹುದು. ತೆತ್ತ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಇದು ವಾಣಿಜ್ಯೋದ್ದೇಶದ ಸೇವೆಯೆಂದು ಎದುರು ಪಕ್ಷವು ವಾದಿಸುವ ಸಂಭವ ಬಲವಾಗಿಯೇ ಇರುವುದರಿಂದ, ಜೀವನೋಪಾಯಕ್ಕಾಗಿ ತಾನೊಬ್ಬನೇ ದುಡಿಯುವವನೆಂಬ ಸಂಗತಿಯನ್ನು ದೂರಿನಲ್ಲಿ ವಿಶದವಾಗಿ ಬರೆದು, ವಕೀಲರ ಸಲಹೆಯನ್ನು ಮೊದಲೇ ಪಡೆಯುವುದು ಕ್ಷೇಮ. ಆ ಸಲಹೆಗೂ ಎಲ್ಲರೂ ಹಣ ತೆರಬೇಕಾಗಿಲ್ಲ: 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯಿದೆಯ 12ನೆಯ ಪ್ರಕರಣದಂತೆ ಮಹಿಳೆಯರೂ, ಪರಿಶಿಷ್ಟ ಜಾತಿ ಪಂಗಡಗಳವರೂ ಆದಾಯದ ಮಿತಿಯಿಲ್ಲದೆ ಉಚಿತ ಕಾನೂನು ನೆರವಿಗೆ ಅರ್ಹರು. ಕರ್ನಾಟಕದಲ್ಲಿ ಬಂಜಾರರು, ಅಂದರೆ ಲಂಬಾಣಿಗರು, ಪರಿಶಿಷ್ಟ ಜಾತಿಗೆ ಸೇರಿದವರಾದುದರಿಂದ, ತಾಂಡದ ಯುವಕನು ಕರಾರಿಗೆ ರುಜು ಹಾಕುವ ಮುನ್ನವೇ ಅದನ್ನು ಹೊನ್ನಾಳಿಯ ತಾಲೂಕು ಕಾನೂನು ಸೇವಾ ಸಮಿತಿಗೆ ಒಯ್ದು ತೋರಿಸಬಹುದು. ದೂರದೂರಿನಲ್ಲಿದ್ದರೆ 15100 ಸಂಖ್ಯೆಗೆ ಕರೆಮಾಡಿ ವಿಚಾರಿಸಬಹುದು.