ಗುಟ್ಟು ಮಾಡಬೇಡ, ಮಗ

ಸುಹಾಸ,

ನಿನಗೆ ಶುಗರ್ ಬಂದಿದೆ ಎಂದು ನಿಮ್ಮಮ್ಮ ಹೇಳಿದಾಗ ಸಂಕಟವಾಯಿತು. ಆಫೀಸಿನಲ್ಲಿ ಯಾರಿಗೂ ಕಾಣದ ಹಾಗೆ ಮಾತ್ರೆ ನುಂಗುತ್ತೀಯ ಎಂದು ಕೇಳಿ ಇನ್ನೂ ನೋವಾಯಿತು. ನಾಚಿಕೆಪಡುವಂಥದ್ದು ಇದರಲ್ಲಿ ಏನಿದೆಯಪ್ಪ? 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ. ನಿನ್ನ ಪಕ್ಕದ ಮೇಜಿನವರೂ ಹೀಗೇ ಬಚ್ಚಿಟ್ಟುಕೊಂಡಿರಬಹುದು.

ಡಾಕ್ಟರು ಎಚ್‌ಬಿಎ1ಸಿ ರಕ್ತಪರೀಕ್ಷೆ ನೋಡಿ ಮಾತ್ರೆ ಬರೆದುಕೊಡುತ್ತಾರೆ. ಆದರೆ ಮದುವೆ ಮನೆಯಲ್ಲಿ ಒತ್ತಾಯ ಮಾಡಿ ಹೋಳಿಗೆ ಬಡಿಸುವವರಿಗೆ ಮನಸ್ಸು ನೋಯದಂತೆ ಬೇಡ ಅನ್ನುವುದು ಹೇಗೆ? ಅದನ್ನು ಅಂದು ಅಂದು ರೂಢಿಯಾದವರೇ ಹೇಳಿಕೊಡಬೇಕು.

ನಮ್ಮ ಬಡಾವಣೆಯ ಪಾರ್ಕಿನಲ್ಲಿ ವಾಕಿಂಗ್ ಮುಗಿಸಿ ಶುಗರ್ ಇರುವ ನಾವು ಕೆಲವರು ಕೂರುತ್ತೇವೆ. ರಾಗಿ ಒಳ್ಳೆಯದು ಎಂದು ದೊಡ್ಡ ದೊಡ್ಡ ಮುದ್ದೆ ಎರಡು ಉಣ್ಣುವವರೊಬ್ಬರಿದ್ದರು. ರಾಗಿಯಲ್ಲೂ ಪಿಷ್ಟವೇ ಹೆಚ್ಚು ಎಂದು ಆಸ್ಪತ್ರೆಯಲ್ಲಿ ಹೇಳಿದ್ದರೂ ಅವರಿಗೆ ನಾಟಿರಲಿಲ್ಲ. ಉಂಡು ಎರಡು ಗಂಟೆಗೆ ಗ್ಲುಕೋಮೀಟರಿನಲ್ಲಿ ನೋಡಿ, ಬಂದು ಹೇಳಿ ಎಂದರು ನಮ್ಮ ಗುಂಪಿನಲ್ಲಿರುವ ಮೇಷ್ಟ್ರೊಬ್ಬರು. ಅಂಕಿ ಕಂಡ ಮೇಲೆ ಮಾತು ಬೇಕಾಗಲಿಲ್ಲ. ಈಗ ಒಂದು ಪುಟ್ಟ ಮುದ್ದೆ, ಬಸ್ಸಾರು, ಸೊಪ್ಪಿನ ಪಲ್ಯ ಧಾರಾಳ. ಮುದ್ದೆಯನ್ನೇ ಬಿಡಿ ಎಂದಿದ್ದರೆ ಆ ಮನುಷ್ಯ ಮಾರನೆಯ ದಿನ ಪಾರ್ಕಿಗೂ ಬರುತ್ತಿರಲಿಲ್ಲ.

ಇನ್ನೊಬ್ಬರಿಗೆ ಊಟ ತಡವಾದರೆ ಕೈ ನಡುಕ, ಬೆವರು. ನಿಶ್ಶಕ್ತಿ ಎಂದುಕೊಂಡಿದ್ದರು. ಅದು ಲೋ ಶುಗರ್ ಇರಬಹುದು ಎಂದು ಗುರುತಿಸಿದವರು ಅದೇ ಅನುಭವ ಇದ್ದ ಗೆಳತಿ. ಶುಗರ್ 70ಕ್ಕಿಂತ ಇಳಿದರೆ ತಕ್ಷಣ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ನೋಡಬೇಕು ಎಂದು ಹೇಳಿಕೊಟ್ಟು, ಡಾಕ್ಟರ ಹತ್ತಿರವೂ ಕರೆದುಕೊಂಡು ಹೋದರು. ಡಾಕ್ಟರು ಮಾತ್ರೆ ಬದಲಿಸಿದರು. ಬದಲಿಸಬೇಕಾದವರು ಅವರೇ, ಪಾರ್ಕಿನಲ್ಲಿ ಕೂತ ನಾವಲ್ಲ. ಹಾಗಲಕಾಯಿ ರಸ ಕುಡಿದು ಮಾತ್ರೆ ಬಿಟ್ಟೆ ಎನ್ನುವವರು ನಿನಗೂ ಸಿಗುತ್ತಾರೆ. ಅವರ ಮಾತು ಕೇಳಬೇಡ.

ಜೊತೆಯವರಿದ್ದರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ, ಮಧುಮೇಹ ಬರುವ ಅಪಾಯವಿದ್ದವರನ್ನು ಸೇರಿಸಿ, ಅವರಲ್ಲೇ ಕೆಲವರಿಗೆ ತರಬೇತಿ ಕೊಟ್ಟು ಗುಂಪು ನಡೆಸಿದ್ದರು. 2018ರಲ್ಲಿ ಆ ಅಧ್ಯಯನದ ಫಲಿತಾಂಶ ಬಂತು. ಹೊಸದಾಗಿ ಕಾಯಿಲೆ ಬರುವುದು ಖಚಿತವಾಗಿ ತಗ್ಗಿತು ಎನ್ನುವಂತಿರಲಿಲ್ಲ; ಆದರೆ ಹಣ್ಣು ತರಕಾರಿ ತಿನ್ನುವುದು ಹೆಚ್ಚಿತ್ತು, ಕುಡಿತ ಇಳಿದಿತ್ತು. ವರ್ಷಗಟ್ಟಲೆ ಜೊತೆಗೆ ಬಾಳಬೇಕಾದ ಕಾಯಿಲೆಯಲ್ಲಿ ಅಭ್ಯಾಸ ಅಷ್ಟು ಬದಲಾಗುವುದೇ ದೊಡ್ಡದು ಎಂದು ನನ್ನ ನಂಬಿಕೆ.

ನಿನ್ನ ವಯಸ್ಸಿನ, ನಿನ್ನ ಹಾಗೆ ನೈಟ್ ಶಿಫ್ಟ್ ಮಾಡುವ ಒಬ್ಬರನ್ನಾದರೂ ಹುಡುಕಿಕೋ. ಅಪರಾತ್ರಿಯ ಹಸಿವಿಗೆ ಏನು ತಿನ್ನಬೇಕೆಂದು ನನಗಿಂತ ಅವರಿಗೆ ಗೊತ್ತು. ಮತ್ತೆ, ಕಣ್ಣಿನ ರೆಟಿನಾ ಪರೀಕ್ಷೆ ಮಾಡಿಸಿದೆಯಾ? ಟೈಪ್ ಟೂ ಮಧುಮೇಹ ಎಂದು ತಿಳಿದ ಹೊತ್ತಿಗೇ ಅದು ಆಗಬೇಕು. ಈ ವಾರದಲ್ಲೇ ಹೋಗಿ ಮಾಡಿಸಿ, ನನಗೆ ಫೋನ್ ಮಾಡು.

ನಿನ್ನ ಪ್ರೀತಿಯ
ದೊಡ್ಡಮ್ಮ