ಹಳೇ ತೀರ್ಪಿಗೊಂದು ಮರುವಿಚಾರಣೆ

ಕಾಲೇಜು ದಿನಗಳಲ್ಲಿ ಓದಿದ ಕಾದಂಬರಿಯ ಬಗ್ಗೆ ಈಗಲೂ ಅದೇ ಮಾತು ಆಡುತ್ತಿದ್ದೀರಾ? ಹಾಗಾದರೆ ಇನ್ನೊಮ್ಮೆ ಕೈಗೆತ್ತಿಕೊಳ್ಳಿ.

1965ರಲ್ಲಿ ಬಂದ ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನೇ ನೋಡಿ. ಓದಿದವರಲ್ಲಿ ಕೆಲವರು ಶ್ರೀನಿವಾಸ ಶ್ರೋತ್ರಿಗಳ ಕಡೆ, ಕೆಲವರು ಸೊಸೆ ಕಾತ್ಯಾಯಿನಿಯ ಕಡೆ. ಇಪ್ಪತ್ತರ ವಯಸ್ಸಿನಲ್ಲಿ ಓದಿದರೆ, ವಿಧವೆಯಾದರೂ ಮರುಮದುವೆಯಾದ ಅವಳ ಧೈರ್ಯವೇ ಕಣ್ಣಿಗೆ ಬೀಳುತ್ತದೆ. ಮಕ್ಕಳನ್ನು ಬೆಳೆಸಿದ ಮೇಲೆ ಓದಿ: ಮಗನನ್ನು ಅಜ್ಜನ ಮನೆಯಲ್ಲೇ ಬಿಟ್ಟು ಅವಳು ಹೊರಡುವ ಪುಟ ಸುಲಭಕ್ಕೆ ಮುಗಿಯುವುದಿಲ್ಲ. ಆಮೇಲೆ ಅವಳ ಗರ್ಭ ಮತ್ತೆ ಮತ್ತೆ ಇಳಿದುಹೋಗುತ್ತದಲ್ಲ, ಅದು ಲೇಖಕರೇ ವಿಧಿಸಿದ ಶಿಕ್ಷೆಯೇ? ನನಗಂತೂ ಆ ಅನುಮಾನ ಇನ್ನೂ ಹೋಗಿಲ್ಲ. ಆದರೆ ತಾವು ಕಾಯ್ದುಕೊಂಡು ಬಂದ ವಂಶ ತಮ್ಮದೇ ಅಲ್ಲವೆಂದು ಶ್ರೋತ್ರಿಗಳಿಗೆ ಕೊನೆಯಲ್ಲಿ ತಿಳಿಯುತ್ತದೆ. ಅವರನ್ನೂ ಲೇಖಕರು ಸುಮ್ಮನೆ ಬಿಟ್ಟಿಲ್ಲ. ಇನ್ನು ಕಾದಂಬರಿಯಲ್ಲಿ ಬರುವ ಸಂಶೋಧಕ ಸದಾಶಿವರಾಯರ ಮಡದಿ ನಾಗಲಕ್ಷ್ಮಿ. ಗಂಡ ಸಂಶೋಧನೆಯ ಜೊತೆಗಾತಿಯನ್ನೇ ಮದುವೆಯಾದಾಗ ಮೂಲೆಗೆ ಸರಿದ ಈಕೆಯನ್ನು ಮೊದಲ ಓದಿನಲ್ಲಿ ಗಮನಿಸಿದವರು ಎಷ್ಟು ಜನ!

ಮರುಓದಿಗೆ ಮೊದಲು ಹಳೇ ಅಭಿಪ್ರಾಯವನ್ನು ನಾಲ್ಕು ಸಾಲು ಬರೆದಿಡಿ. ಇಲ್ಲದಿದ್ದರೆ ‘ನನಗೆ ಆಗಲೇ ಹಾಗನ್ನಿಸಿತ್ತು’ ಎಂದು ಮನಸ್ಸು ಜಾರಿಕೊಳ್ಳುತ್ತದೆ. ಇದೇ ಕಾದಂಬರಿಯನ್ನು ಆಧರಿಸಿದ ಬಿ.ವಿ. ಕಾರಂತ, ಗಿರೀಶ ಕಾರ್ನಾಡರ ಸಿನಿಮಾ ನೋಡಿದವರು ಇನ್ನಷ್ಟು ಹುಷಾರಾಗಿರಬೇಕು. ನೆನಪಿನಲ್ಲಿ ಉಳಿದಿರುವುದು ಪುಸ್ತಕವೋ ಪರದೆಯೋ ಹೇಳುವುದು ಕಷ್ಟ. ಹಳೇ ಪ್ರತಿಯೇ ಮನೆಯಲ್ಲಿದ್ದರೆ ಅಂದು ಎಳೆದ ಗೆರೆಗಳನ್ನು ಅಳಿಸಬೇಡಿ. ಈ ಸಲ ಬೇರೆ ಬಣ್ಣದ ಪೆನ್ನು ಹಿಡಿದು ಕೂತುಕೊಳ್ಳಿ.